ಕಿವಿಮಾತು: ಇಪ್ಪತ್ತೇಳೋ, ಎಪ್ಪತ್ತೇಳೋ?

ಪತ್ರಗಳಿಗೆ ಬಂದ ಕ್ರಮದಲ್ಲಿಯೇ ಉತ್ತರ ಬರೆಯುವುದು ನನ್ನ ಪದ್ಧತಿ. ಈ ಸಲ ಅದನ್ನು ಮುರಿದು, ಒಂದೇ ಜಾತಿಯ ಐದು ಪತ್ರಗಳನ್ನು ಕಟ್ಟಿನಿಂದ ಹೆಕ್ಕಿ ತೆಗೆದಿದ್ದೇನೆ. ಐದೂ ಕಿವಿಗೆ ಸಂಬಂಧಿಸಿದವು. ಹೊಸ ಓದುಗರಿಗಾಗಿ ಹೇಳುತ್ತೇನೆ: ನಾನು ಮನಃಶಾಸ್ತ್ರ ಓದಿದವಳಲ್ಲ. 1979ರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಕೆಲಸಕ್ಕೆ ಸೇರಿದೆ. ದೂರದ ಊರಿನ ಕರೆಗಳನ್ನು ಕಾದಿರಿಸುವ ಟ್ರಂಕ್ ಬುಕಿಂಗಿನ 180, ನಂಬರು ವಿಚಾರಣೆಯ 197, ದೂರಿನ 198, ಈ ಮೂರೂ ಮೇಜುಗಳಲ್ಲಿ ಕುಳಿತು ಮಲೆನಾಡಿನ ಅರ್ಧ ಜನರ ದನಿಯನ್ನು ಮುಖ ನೋಡದೆಯೇ ಗುರುತಿಸುವಂತಾದೆ. ನಿವೃತ್ತಿಯ ನಂತರ ನಮ್ಮ ಕಡೆಯ ಒಂದೆರಡು ಸಹಕಾರ ಸಂಘಗಳವರು ಸಂದರ್ಶನ ಸಮಿತಿಗೆ ಕರೆದರು. ನನ್ನ ಅರ್ಹತೆ ಇಷ್ಟೇ.

ಪ್ರಶ್ನೆ: ಅಮ್ಮಾ, ನಾನು ಬಿ.ಕಾಂ. ಮುಗಿಸಿದ್ದೇನೆ. ಐದು ಸಂದರ್ಶನಗಳಿಗೆ ಹೋಗಿ ಬಂದೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಐವತ್ತು ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಿಕೊಂಡಿದ್ದೇನೆ, ತಡವರಿಸುವುದೂ ಇಲ್ಲ. ಆದರೂ ಕಳೆದ ಸಲ ಒಬ್ಬರು ‘ನಾವು ಕೇಳಿದ್ದು ಅದಲ್ಲಮ್ಮಾ’ ಎಂದರು. ಎಲ್ಲಿ ತಪ್ಪುತ್ತಿದ್ದೇನೆ?
ಓದುಗಳು, ತೀರ್ಥಹಳ್ಳಿ

ಅಮ್ಮಾ ಎಂದು ಕರೆದಿದ್ದರಿಂದ ಏಕವಚನದಲ್ಲಿಯೇ ಬರೆಯುತ್ತೇನೆ, ಮಗಳೇ. ನಿನ್ನ ಪತ್ರ ನಾಲ್ಕು ಪುಟ ಇತ್ತು, ಇಲ್ಲಿ ಕತ್ತರಿಸಿದ್ದೇನೆ. ಅದರಲ್ಲಿ ನೀನು ಕೊಟ್ಟ ಉತ್ತರಗಳೆಲ್ಲ ಅಕ್ಷರಶಃ ಇವೆ. ಅವರು ಕೇಳಿದ ಪ್ರಶ್ನೆ ಮಾತ್ರ ಒಂದೂ ಪೂರ್ತಿಯಾಗಿ ಇಲ್ಲ. ‘ಊರಿನ ಬಗ್ಗೆ ಏನೋ ಕೇಳಿದರು’, ‘ಸಿಟ್ಟಿನ ಬಗ್ಗೆ ಏನೋ ಕೇಳಿದರು’ ಎಂದು ಬರೆದಿದ್ದೀಯೆ. ಆ ‘ಏನೋ’ ಎಂಬ ಎರಡಕ್ಷರದಲ್ಲಿಯೇ ನಿನ್ನ ಕೆಲಸ ಕಳೆದುಹೋಗಿದೆ.

ನಾನು ಕುಳಿತಿದ್ದ ಒಂದು ಸಮಿತಿಯ ಮುಂದೆ ನಿನ್ನ ಊರಿನವನೇ ಒಬ್ಬ ಹುಡುಗ ಬಂದಿದ್ದ. ಕೆಲಸ ಶಿವಮೊಗ್ಗದಲ್ಲಿ, ಕೌಂಟರಿನ ಗುಮಾಸ್ತನದು. ಅಧ್ಯಕ್ಷರು, ‘ತೀರ್ಥಹಳ್ಳಿಯವರು ನೀವು. ಅಲ್ಲಿಂದ ಇಲ್ಲಿಗೆ ಹೇಗೆ?’ ಎಂದರು. ಹುಡುಗನ ಕಿವಿಗೆ ‘ತೀರ್ಥಹಳ್ಳಿ’ ಬಿದ್ದದ್ದೇ ತಡ, ಗುಂಡಿ ಒತ್ತಿದ ಹಾಗಾಯಿತು. ತುಂಗೆ, ರಾಮೇಶ್ವರ ದೇವಸ್ಥಾನ, ಎಳ್ಳಮಾವಾಸ್ಯೆಯ ಜಾತ್ರೆ, ಅಲ್ಲಿಂದ ನೇರವಾಗಿ ಕುಪ್ಪಳಿ. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29 ಎಂಬುದನ್ನೂ ಸೇರಿಸಿ ಎರಡು ನಿಮಿಷ ನಿರರ್ಗಳವಾಗಿ ಮಾತನಾಡಿದ. ಹೇಳಿದ್ದೆಲ್ಲ ಸರಿಯೇ. ಆದರೆ ಅಧ್ಯಕ್ಷರ ತಲೆಯಲ್ಲಿ ಇದ್ದದ್ದು ಅರವತ್ತು ಕಿಲೋಮೀಟರ್ ದಾರಿ, ಜುಲೈ ತಿಂಗಳ ಮಳೆ, ರಸ್ತೆಗೆ ಅಡ್ಡ ಬಿದ್ದ ಮರ, ಬೆಳಗ್ಗೆ ಒಂಬತ್ತೂವರೆಗೆ ಅಡಿಕೆ ಹಣಕ್ಕಾಗಿ ಬಂದು ನಿಂತ ರೈತರು. ಕೌಂಟರ್ ತೆರೆಯುವವರು ಯಾರು?

ಅವನ ನಂತರ ಹೊಸನಗರದ ಕಡೆಯ ಹುಡುಗಿಯೊಬ್ಬಳು ಬಂದಳು. ಅಂಕಗಳು ಅವನಿಗಿಂತ ಕಡಿಮೆ. ಅದೇ ಪ್ರಶ್ನೆ ಬಂತು. ಅವಳು ಒಂದು ಗಳಿಗೆ ಸುಮ್ಮನಿದ್ದು, ‘ಸಮಯಕ್ಕೆ ಬಂದು ಮುಟ್ಟುವ ಬಗ್ಗೆ ಕೇಳುತ್ತಿದ್ದೀರಾ ಸರ್?’ ಎಂದಳು. ಹೌದೆಂದರು. ‘ಮಳೆಗಾಲ ಮುಗಿಯುವವರೆಗೆ ದುರ್ಗಿಗುಡಿಯಲ್ಲಿ ಸೋದರತ್ತೆಯ ಮನೆಯಲ್ಲಿ ಇರುತ್ತೇನೆ, ಮಾತನಾಡಿಯಾಗಿದೆ’ ಎಂದಳು. ಅಧ್ಯಕ್ಷರು ಪೆನ್ನು ಎತ್ತಿಕೊಂಡದ್ದನ್ನು ನಾನು ನೋಡಿದೆ.

ನಮ್ಮ ಭಾಷೆಯಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದ ಎರಡು ಕೆಲಸ ಮಾಡುತ್ತದೆ. ಹಾಡು ಕೇಳುವುದೂ ಅದೇ, ದಾರಿ ಕೇಳುವುದೂ ಅದೇ. ಆ ಹುಡುಗಿ ಎರಡನ್ನೂ ಒಟ್ಟಿಗೆ ಮಾಡಿದಳು. ನೀನು ಒಂದನ್ನೂ ಮಾಡುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡ.

ಇನ್ನೊಂದು ಸಂಗತಿ ಗಮನಿಸು. ಕನ್ನಡದಲ್ಲಿ ವಾಕ್ಯದ ಜೀವ ಇರುವುದು ಬಾಲದಲ್ಲಿ. ‘ಹಿರಿಯ ಗುಮಾಸ್ತರು ಹೇಳಿದ ಲೆಕ್ಕ ತಪ್ಪು ಎಂದು ಗೊತ್ತಾದಾಗ ಅದನ್ನು ಎಲ್ಲರೆದುರು ತೋರಿಸ...’ ಎಂಬಲ್ಲಿಯವರೆಗೆ ಕೇಳಿ ಉತ್ತರ ಜೋಡಿಸಲು ಶುರುಮಾಡಿದರೆ, ಕೊನೆಗೆ ಬಂದದ್ದು ‘ಬೇಕೇ’ ಎಂದೋ ‘ಬಾರದೇಕೆ’ ಎಂದೋ ತಿಳಿಯುವುದೇ ಇಲ್ಲ. ಇಂಗ್ಲಿಷಿನಲ್ಲಿ ಏಕೆ, ಏನು, ಹೇಗೆ ಎಂಬುದು ಸಾಮಾನ್ಯವಾಗಿ ಮೊದಲೇ ಬರುತ್ತದೆ, ಹಾಗಾಗಿ ತಲೆಯನ್ನು ಹಿಡಿದುಕೊಳ್ಳಬೇಕು. ನಮ್ಮ ಸಮಿತಿಗಳಲ್ಲಿ ಒಬ್ಬರು ಕನ್ನಡದಲ್ಲಿ, ಪಕ್ಕದವರು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಆದ್ದರಿಂದ ತಲೆ ಬಾಲ ಎರಡನ್ನೂ ಬಿಡುವ ಹಾಗಿಲ್ಲ. ಪ್ರಶ್ನೆ ಪೂರ್ತಿ ಮುಗಿದ ಮೇಲೆ ಒಂದು ಉಸಿರು ತೆಗೆದುಕೊ. ಆ ಮೌನ ನಿನಗೆ ಒಂದು ಯುಗದಷ್ಟು ಉದ್ದ ಅನ್ನಿಸುತ್ತದೆ. ಮೇಜಿನ ಈಚೆ ಕುಳಿತವರಿಗೆ ಅದು ಗೊತ್ತೂ ಆಗುವುದಿಲ್ಲ. ನಾವು ಬಿಸ್ಕತ್ತಿನ ತಟ್ಟೆ ಆಚೆ ಸರಿಸುತ್ತಿರುತ್ತೇವೆ.

ತಾಳಮದ್ದಳೆ ನೋಡಿದ್ದೀಯಾ? ಮಳೆಗಾಲದಲ್ಲಿ ನಮ್ಮ ಮನೆಯ ಅಂಗಳದ ಚಪ್ಪರದ ಕೆಳಗೆ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿಗಳ ಮಾತು ಮಾತ್ರ. ಒಮ್ಮೆ ಬಾಣ ತಿಂದು ಬಿದ್ದ ವಾಲಿ, ‘ಎದುರಿಗೆ ಬಂದು ಹೋರಾಡಲಿಲ್ಲ ಏಕೆ?’ ಎಂದು ರಾಮನನ್ನು ಕೇಳಿದ. ರಾಮನ ಅರ್ಥ ಹೇಳುತ್ತಿದ್ದವರು ಪಟ್ಟಣದಿಂದ ಬಂದ ಹೊಸಬರು, ರಾತ್ರಿಯಿಡೀ ತಯಾರಾಗಿದ್ದರು. ಸೀತೆಯನ್ನು ಕಳೆದುಕೊಂಡ ದುಃಖವನ್ನು ಸೊಗಸಾಗಿ ವರ್ಣಿಸಿದರು. ವಾಲಿ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, ‘ಅಯ್ಯೋ ಪಾಪ. ಹೆಂಡತಿ ಕಳೆದುಹೋದವರೆಲ್ಲ ಮರದ ಮರೆಯಲ್ಲಿ ನಿಲ್ಲುವ ಪದ್ಧತಿಯೋ ಅಯೋಧ್ಯೆಯಲ್ಲಿ?’ ಎಂದ. ಸಭೆ ನಕ್ಕು ನಕ್ಕು ಸುಸ್ತಾಯಿತು. ಪಾಠ ಮಾಡಿಕೊಂಡು ಬಂದವನು ಎದುರಾಳಿ ನಿಲ್ಲಿಸುವುದನ್ನು ಕಾಯುತ್ತಿರುತ್ತಾನೆ, ಅವನು ಹೇಳುವುದನ್ನು ಕೇಳುವುದಿಲ್ಲ.

ಐವತ್ತು ಉತ್ತರಗಳನ್ನು ಮರೆತುಬಿಡು ಎನ್ನಲಾರೆ, ಶ್ರಮಪಟ್ಟಿದ್ದೀಯೆ. ಅವುಗಳನ್ನು ಅಕ್ಕಿಯ ಡಬ್ಬದ ಹಾಗೆ ಇಟ್ಟುಕೊ, ಬಂದ ನೆಂಟರನ್ನು ನೋಡಿ ಅಳೆದು ಹಾಕು. ಅಭ್ಯಾಸಕ್ಕೆ ಖರ್ಚಿಲ್ಲದ ದಾರಿ ಒಂದಿದೆ. ರೇಡಿಯೊದಲ್ಲಿ ವಾರ್ತೆ ಬರುವಾಗ ಏನೂ ಬರೆದುಕೊಳ್ಳದೆ ಕೇಳು. ಮುಗಿದ ಮೇಲೆ ಮೊದಲ ಮೂರು ಸುದ್ದಿಗಳನ್ನು ಯಾರು, ಎಲ್ಲಿ, ಎಷ್ಟು ಎಂಬ ವಿವರದೊಂದಿಗೆ ಬರೆ. ಮನೆಯಲ್ಲಿ ಇನ್ನೊಬ್ಬರಿಗೂ ಬರೆಯಲು ಹೇಳಿ ಎರಡನ್ನೂ ಪಕ್ಕದಲ್ಲಿಟ್ಟು ನೋಡು. ಮೊದಲ ವಾರ ನಿನಗೇ ನಾಚಿಕೆಯಾಗುತ್ತದೆ. ಆಪರೇಟರ್ ತರಬೇತಿಯಲ್ಲಿ ನನಗೂ ಆಗಿತ್ತು.

ಪ್ರಶ್ನೆ: ನಮ್ಮದು ಶರಾವತಿ ಹಿನ್ನೀರಿನ ಕಡೆಯ ಹಳ್ಳಿ. ಆನ್‌ಲೈನ್ ಸಂದರ್ಶನ ಇದೆ. ಸಿಗ್ನಲ್ ಬಂದು ಹೋಗುತ್ತದೆ. ಅರ್ಧ ಪ್ರಶ್ನೆ ಮಾತ್ರ ಕೇಳಿಸಿದಾಗ ಏನು ಮಾಡಬೇಕು? ಪದೇ ಪದೇ ‘ಇನ್ನೊಮ್ಮೆ ಹೇಳಿ’ ಎಂದರೆ ದಡ್ಡ ಎಂದುಕೊಳ್ಳುವುದಿಲ್ಲವೇ?
ಓದುಗ, ಹೊಸನಗರ ತಾಲ್ಲೂಕು

ಈ ಪ್ರಶ್ನೆಗಂತೂ ನಾನು ಪಿಂಚಣಿ ಪಡೆಯುತ್ತಿರುವ ತಜ್ಞೆ! ‘ಇನ್ನೊಮ್ಮೆ ಹೇಳಿ’ ಎಂದು ಬರಿದಾಗಿ ಕೇಳಬೇಡಿ. ಕೇಳಿಸಿದ ಕೊನೆಯ ಪದವನ್ನು ಹಿಂದಕ್ಕೆ ಕೊಡಿ: ‘ಹಿಂದಿನ ಕೆಲಸ ಬಿಟ್ಟಿದ್ದು ಎಂಬಲ್ಲಿಯವರೆಗೆ ಕೇಳಿಸಿತು, ಮುಂದಿನದು ಕಡಿದುಹೋಯಿತು.’ ಅವರು ಅಲ್ಲಿಂದ ಮುಂದುವರಿಸುತ್ತಾರೆ. ಇಷ್ಟು ಗಮನವಿಟ್ಟವನನ್ನು ಯಾರೂ ದಡ್ಡ ಎನ್ನುವುದಿಲ್ಲ. ಟ್ರಂಕ್ ಕಾಲಿನಲ್ಲಿ ಮೂರು ಮೂರು ನಿಮಿಷಕ್ಕೆ ದುಡ್ಡು ಏರುತ್ತಿದ್ದ ಕಾಲದಲ್ಲಿ ನಾವು ಇದನ್ನೇ ಜನರಿಗೆ ಹೇಳಿಕೊಡುತ್ತಿದ್ದೆವು.

ಹಳೆಯ ಟೆಲಿಫೋನ್ ತಂತಿ 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತಿತ್ತು. ಸಕಾರ, ಫಕಾರಗಳ ಗುರುತು ಇರುವುದು ಬಹುಪಾಲು ಅದಕ್ಕಿಂತ ಮೇಲೆ. ಅದಕ್ಕೇ ಫೋನಿನಲ್ಲಿ ಒಂದು ಇನ್ನೊಂದರಂತೆ ಕೇಳಿಸುತ್ತಿದ್ದದ್ದು. ಈಗಿನ 4ಜಿ ಕರೆಯಲ್ಲಿ 7000 ಹರ್ಟ್ಸ್‌ವರೆಗೂ ದನಿ ಬರಬಲ್ಲದು. ಆದರೆ ಸಿಗ್ನಲ್ ಕುಗ್ಗಿದಾಗ ಮೊದಲು ಸವೆಯುವುದು ವ್ಯಂಜನಗಳೇ. ಆದ್ದರಿಂದ ಹೆಸರು, ಸಂಬಳದ ಅಂಕಿ, ದಿನಾಂಕ ಈ ಮೂರನ್ನೂ ಊಹಿಸಬೇಡಿ, ಕೇಳಿ ಖಚಿತಪಡಿಸಿಕೊಳ್ಳಿ.

ದನಿ ತಡವಾಗಿ ಮುಟ್ಟುತ್ತದೆ, ಅವರು ನಿಲ್ಲಿಸಿದ ಮೇಲೂ ಮನಸ್ಸಿನಲ್ಲಿ ಎರಡು ಎಣಿಸಿ ಮಾತು ಆರಂಭಿಸಿ. ತಗಡಿನ ಮಾಡಿನ ಕೆಳಗೆ ಕುಳಿತುಕೊಳ್ಳಬೇಡಿ. ಮಳೆ ಹೊಯ್ದರೆ ನಿಮಗೆ ಅಭ್ಯಾಸವಾದ ಸದ್ದು ಬೆಂಗಳೂರಿನವರಿಗೆ ಭತ್ತದ ಮಿಲ್ಲಿನೊಳಗೆ ಕುಳಿತಂತೆ ಕೇಳಿಸುತ್ತದೆ. ಹಂಚಿನ ಮಾಡಿನ ನೆಂಟರ ಮನೆ ಹುಡುಕಿ, ಹಿಂದಿನ ದಿನ ಅದೇ ಹೊತ್ತಿಗೆ ಸಿಗ್ನಲ್ ನೋಡಿ ಬನ್ನಿ.

ಪ್ರಶ್ನೆ: ಫೌಂಡ್ರಿಯೊಂದರಲ್ಲಿ ಆರು ತಿಂಗಳಿನಿಂದ ಕೆಲಸಕ್ಕಿದ್ದೇನೆ. ಸದ್ದಿನಲ್ಲಿ ಸೂಪರ್‌ವೈಸರ್ ಹೇಳಿದ್ದು ಸರಿಯಾಗಿ ಕೇಳಿಸುವುದಿಲ್ಲ. ಮತ್ತೆ ಕೇಳಿದರೆ ಸಿಡುಕುತ್ತಾರೆಂದು ‘ಹೂಂ ಸರ್’ ಎಂದುಬಿಡುತ್ತೇನೆ. ಮೊನ್ನೆ ಹಾಗೆಯೇ ತಲೆಯಾಡಿಸಿ ಒಂದು ಪಾಳಿಯ ಅಚ್ಚುಗಳೆಲ್ಲ ಕೆಟ್ಟವು.
ಓದುಗ, ಭದ್ರಾವತಿ

ತಮ್ಮಾ, ನಿಮ್ಮ ‘ಹೂಂ’ ಮತ್ತು ನನ್ನ ‘ಹೂಂ’ ಅಣ್ಣತಮ್ಮಂದಿರು. ಕೆಲಸಕ್ಕೆ ಸೇರಿದ ಎರಡನೇ ಮಳೆಗಾಲ, ರಾತ್ರಿ ಪಾಳಿ. ಮುಂಬಯಿಯಿಂದ ಬಂದ ಅರ್ಜೆಂಟ್ ಕಾಲ್, ನಡುವೆ ಗುಡುಗು. ಆ ಕಡೆಯ ಎಕ್ಸ್‌ಚೇಂಜಿನ ಕನ್ನಡದಾಕೆ ನಂಬರು ಹೇಳಿದಳು. ನನಗೆ ಕೇಳಿಸಿದ್ದು ಇಪ್ಪತ್ತೇಳು. ‘ಹೂಂ, ಕೊಟ್ಟೆ’ ಎಂದೆ. ರಾತ್ರಿ ಎರಡು ಗಂಟೆಗೆ ಆ ಮನೆಯ ಯಜಮಾನರು ಫೋನ್ ಎತ್ತಿದರು. ಅವರ ಮಗ ಮುಂಬಯಿಯಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದ ಎಂಬುದು ನನಗೆ ಹೇಗೆ ಗೊತ್ತಿರಬೇಕು? ‘ಮುಂಬಯಿ ಕಾಲ್’ ಎಂದ ಕೂಡಲೇ ಅವರು ಮಾತೇ ಆಡಲಿಲ್ಲ. ಹಿಂದೆ ಹೆಂಗಸೊಬ್ಬರು ಅಳಲು ಶುರುಮಾಡಿದ್ದು ಹೆಡ್‌ಸೆಟ್ಟಿನಲ್ಲಿ ಕೇಳಿಸಿತು. ಕರೆ ಬಂದದ್ದು ಎಪ್ಪತ್ತೇಳಕ್ಕೆ, ಅಡಿಕೆ ದರ ವಿಚಾರಿಸಲು.

ಮಾರನೆಯ ದಿನದಿಂದ ನಾನು ಯಾವ ನಂಬರನ್ನೂ ಇಡಿಯಾಗಿ ಹೇಳಲಿಲ್ಲ. ‘ಏಳು, ಏಳು, ಸರಿಯೇ?’ ಎಂದು ಬಿಡಿ ಬಿಡಿಯಾಗಿ ಹಿಂದಕ್ಕೆ ಹೇಳಿ, ಆ ಕಡೆಯಿಂದ ‘ಸರಿ’ ಬಂದ ಮೇಲೆಯೇ ಚೀಟಿಯ ಮೇಲೆ ಬರೆದೆ. ಸಿಡುಕಿದವರು ಬಹಳ. ಸಿಡುಕಿನಿಂದ ಯಾರೂ ಸಾಯುವುದಿಲ್ಲ.

ತಲೆಯಾಡಿಸುವುದರಿಂದ ಸಾಯುತ್ತಾರೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ, ಮಂಜು ಕವಿದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಒಂದು ವಿಮಾನದವರು ತಾವು ಹಾರಲು ಹೊರಟಿರುವುದಾಗಿ ಅಸ್ಪಷ್ಟವಾಗಿ ಹೇಳಿದರು. ನಿಯಂತ್ರಣ ಗೋಪುರದವರು ಮೊದಲು ‘ಓಕೆ’ ಎಂದರು, ಅನಂತರ ‘ಕಾಯಿರಿ, ನಾನು ಕರೆಯುತ್ತೇನೆ’ ಎಂದರು. ಅದೇ ಕ್ಷಣಕ್ಕೆ ಇನ್ನೊಂದು ವಿಮಾನದವರೂ ‘ನಾವಿನ್ನೂ ರನ್‌ವೇಯಲ್ಲಿದ್ದೇವೆ’ ಎಂದು ರೇಡಿಯೊದಲ್ಲಿ ಮಾತನಾಡಿದ್ದರಿಂದ, ಹಾರಲು ಹೊರಟವರ ಕಿವಿಗೆ ‘ಓಕೆ’ಯ ನಂತರ ಕಿರ್ರೆಂಬ ಸದ್ದು ಅಡ್ಡ ಬಂತು. ಅದರ ನಂತರ ‘ಓಕೆ’ಯಂಥ ಸಡಿಲ ಪದಗಳನ್ನು ದೂರವಿಟ್ಟು, ಮುಖ್ಯ ಸೂಚನೆಯನ್ನು ಇಡಿಯಾಗಿ ಹಿಂದಕ್ಕೆ ಹೇಳಿಸುವ ಪದ್ಧತಿ ಬಿಗಿಯಾಯಿತು.

ನೀವೂ ಸೂಪರ್‌ವೈಸರ್‌ಗೆ ‘ಹೂಂ’ ಎನ್ನುವ ಬದಲು ಅವರದೇ ಸೂಚನೆಯನ್ನು ತಿರುಗಿಸಿ ಹೇಳಿ: ಯಾವ ಅಚ್ಚು, ಎಷ್ಟು, ಎಷ್ಟು ಹೊತ್ತಿಗೆ. ಅಂಕಿಗಳನ್ನು ಬೆರಳಿನಲ್ಲಿ ತೋರಿಸಿ. ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಹಲಗೆಯ ಮೇಲೋ ನೆಲದ ಮೇಲೋ ಬರೆದು ತೋರಿಸಿದರೆ ಇನ್ನೂ ಒಳ್ಳೆಯದು. ಮೊದಲ ವಾರ ಸಿಡುಕುತ್ತಾರೆ. ಒಮ್ಮೆ ಅವರ ತಪ್ಪೇ ಹಾಗೆ ಸಿಕ್ಕಿಬೀಳುತ್ತದೆ ನೋಡಿ, ಆಮೇಲೆ ಸುಮ್ಮನಾಗುತ್ತಾರೆ.

ಇನ್ನೊಂದು ಮಾತು. ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಮೀರಿದ ಸದ್ದು ಇರಬಾರದೆಂಬುದು ನಮ್ಮ ಕಾರ್ಖಾನೆ ನಿಯಮಗಳಲ್ಲಿ ಬಂದಿರುವ ಮಿತಿ. ಒಂದು ತೋಳಿನ ದೂರದಲ್ಲಿ ನಿಂತವರಿಗೂ ಕೂಗಿಯೇ ಹೇಳಬೇಕಾದರೆ ನಿಮ್ಮ ಜಾಗ ಆ ಮಿತಿಯ ಆಸುಪಾಸಿನಲ್ಲಿದೆ ಎಂದುಕೊಳ್ಳಿ. ಕಿವಿಗೆ ಹಾಕುವ ಪ್ಲಗ್ಗುಗಳನ್ನು ಕೇಳಿ ಪಡೆಯಿರಿ, ಪಡೆದ ಮೇಲೆ ಹಾಕಿಕೊಳ್ಳಿ. ಪಾಳಿ ಮುಗಿದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿದೆಯೇ? ಹಾಗಿದ್ದರೆ ಇದು ಅಂಕಣಕ್ಕೆ ಬರೆಯುವ ವಿಷಯವಲ್ಲ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಿವಿ ವಿಭಾಗಕ್ಕೆ ಹೋಗುವ ವಿಷಯ.

ಪ್ರಶ್ನೆ: ಹಣಕಾಸು ಸಂಸ್ಥೆಯೊಂದರ ಶಾಖೆಗೆ ಮುಖ್ಯಸ್ಥೆಯಾಗಿ ಒಂದು ವರ್ಷವಾಯಿತು. ‘ಏನಿದ್ದರೂ ಬಂದು ಹೇಳಿ’ ಎಂದು ಸಿಬ್ಬಂದಿಗೆ ಹೇಳಿದ್ದೇನೆ. ಒಬ್ಬರೂ ಏನೂ ಹೇಳುವುದಿಲ್ಲ, ಆಮೇಲೆ ಹೊರಗಿನಿಂದ ಸಂಗತಿ ತಿಳಿಯುತ್ತದೆ. ಸಂವಹನ ತರಬೇತಿಗೂ ಹೋಗಿ ಬಂದೆ.
ಓದುಗರು, ಸಾಗರ

ತರಬೇತಿಯಲ್ಲಿ ‘ಅಂದರೆ ನೀವು ಹೇಳುವುದು ಏನೆಂದರೆ’ ಎಂದು ಶುರುಮಾಡಿ ಎದುರಿನವರ ಮಾತನ್ನು ಪುನರುಚ್ಚರಿಸಲು ಕಲಿಸಿರಬೇಕು. ಸಕ್ರಿಯ ಆಲಿಸುವಿಕೆ ಎಂಬ ಅರ್ಥದ ಹೆಸರನ್ನು 1957ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ ಬಳಕೆಗೆ ತಂದರು. ಎದುರಿನವರ ಜಾಗದಲ್ಲಿ ನಿಂತು ನೋಡುವುದು ಅವರ ಮುಖ್ಯ ಮಾತಾಗಿತ್ತು. ನಮ್ಮ ತರಬೇತಿಗಳಿಗೆ ಬರುವ ಹೊತ್ತಿಗೆ ಅದು ಗಿಣಿಪಾಠವಾಗಿದೆ. ಮೇಲಿನ ಉತ್ತರದಲ್ಲಿ ಹಿಂದಕ್ಕೆ ಹೇಳಿ ಎಂದವಳೇ ನಾನು, ನಿಜ. ಅದು ಅಂಕಿಗೆ, ಸೂಚನೆಗೆ. ‘ನನಗೆ ಬಹಳ ಕಷ್ಟವಾಗುತ್ತಿದೆ’ ಎಂದವರಿಗೆ ‘ಅಂದರೆ ನಿಮಗೆ ಬಹಳ ಕಷ್ಟವಾಗುತ್ತಿದೆ’ ಎಂದರೆ ನಮ್ಮ ಕಡೆಯವರು ಅಣಕಿಸಿದಿರಿ ಎಂದುಕೊಳ್ಳುತ್ತಾರೆ.

ಮೇಡಂ, ನೀವು ಮಲೆನಾಡಿನಲ್ಲಿ ಶಾಖೆ ನಡೆಸುತ್ತಿದ್ದೀರಿ. ನಮ್ಮವರು ವಿಷಯಕ್ಕೆ ಬರುವ ದಾರಿ ಆಗುಂಬೆ ಘಾಟಿಯ ಹಾಗೆ, ನೇರವಾಗಿ ಇಳಿಯುವುದಿಲ್ಲ. ಸಾಲ ಕೇಳಲು ಬಂದವರು ಜಗಲಿಯ ಮೇಲೆ ಕುಳಿತು ಬೆಲ್ಲ, ನೀರು ಮುಗಿಸುತ್ತಾರೆ. ಈ ವರ್ಷ ಮಳೆ ಹಿಡಿದ ಬಗೆ, ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯಲು ಬಿಡುವು ಕೊಡದ ಕತೆ, ಕೊಳೆ ರೋಗ ಬಂದು ಉದುರಿದ ಕಾಯಿ, ಎಲ್ಲ ಆಗಬೇಕು. ‘ಬರುತ್ತೇನೆ’ ಎಂದು ಎದ್ದು, ಒಂದು ಕಾಲಿಗೆ ಚಪ್ಪಲಿ ಹಾಕಿದ ಮೇಲೆ, ಕಂಬ ಹಿಡಿದುಕೊಂಡು ‘ಅಂದ ಹಾಗೆ...’ ಎನ್ನುತ್ತಾರೆ. ಬಂದ ವಿಷಯ ಅಲ್ಲಿದೆ. ನನ್ನ ಅಪ್ಪ ಅದಕ್ಕಾಗಿಯೇ ಯಾರು ಬಂದರೂ ದಣಪೆಯವರೆಗೆ, ಅಂದರೆ ಬೇಲಿಯ ಬಾಗಿಲವರೆಗೆ, ನಡೆದು ಹೋಗಿ ಕಳುಹಿಸಿಕೊಡುತ್ತಿದ್ದರು. ಅದು ಮರ್ಯಾದೆ ಎಂದು ಚಿಕ್ಕವಳಿದ್ದಾಗ ತಿಳಿದಿದ್ದೆ. ಅರ್ಧ ಮರ್ಯಾದೆ, ಅರ್ಧ ಕಿವಿ.

ನಿಮ್ಮ ಕೊಠಡಿಗೆ ಬಂದವರು ‘ರಜೆ ಬೇಕಿತ್ತು’ ಎನ್ನುತ್ತಾರೆ. ನೀವು ಕಂಪ್ಯೂಟರ್ ನೋಡುತ್ತಲೇ ‘ಸರಿ, ತೆಗೆದುಕೊಳ್ಳಿ’ ಎನ್ನುತ್ತೀರಿ. ಔದಾರ್ಯವೇನೋ ಹೌದು. ಆದರೆ ಅವರು ಬಾಗಿಲ ಹಿಡಿಯ ಮೇಲೆ ಕೈ ಇಟ್ಟು ಒಂದು ಕ್ಷಣ ನಿಂತದ್ದನ್ನು ನೋಡಿದಿರಾ? ನಾನು ಮೇಲ್ವಿಚಾರಕಿಯಾಗಿದ್ದಾಗ ನೋಡುತ್ತಿರಲಿಲ್ಲ. ಬದಲಿಗೆ ಇನ್ನೊಂದು ಕೆಟ್ಟ ಅಭ್ಯಾಸ ಬೆಳೆಸಿಕೊಂಡಿದ್ದೆ: ಬೇರೆಯವರ ವಾಕ್ಯವನ್ನು ನಾನೇ ಮುಗಿಸುತ್ತಿದ್ದೆ. ನನ್ನ ಕೈಕೆಳಗಿನ ಹುಡುಗಿಯೊಬ್ಬಳು ಮೂರು ಸಲ ‘ಮೇಡಂ, ರಾತ್ರಿ ಪಾಳಿ...’ ಎಂದು ಶುರುಮಾಡಿದಳು. ಮೂರು ಸಲವೂ ನಾನು ‘ಕಷ್ಟ, ಗೊತ್ತು, ಎಲ್ಲರಿಗೂ ಬರುತ್ತದೆ’ ಎಂದು ಮುಗಿಸಿದೆ. ಅವಳು ಹೇಳಬೇಕೆಂದಿದ್ದದ್ದು ಪಾಳಿಯ ಬಗ್ಗೆ ಅಲ್ಲವೇ ಅಲ್ಲ. ರಾತ್ರಿ ಮನೆಗೆ ಹೋಗುವ ದಾರಿಯಲ್ಲಿ ಒಬ್ಬ ಹಿಂಬಾಲಿಸುತ್ತಿದ್ದ. ಅದು ನನಗೆ ತಿಳಿದದ್ದು ಅವಳು ವರ್ಗ ಮಾಡಿಸಿಕೊಂಡು ಹೋದ ಮೇಲೆ, ಚಹಾ ತರುವ ಹುಡುಗನಿಂದ.

ಹಾಗಾಗಿ ‘ಬಂದು ಹೇಳಿ’ ಎಂದು ಕುರ್ಚಿಯಲ್ಲಿ ಕುಳಿತಿರಬೇಡಿ. ಸಂಜೆ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಅವರ ಮೇಜಿನ ಕಡೆಗೆ ನೀವೇ ಹೋಗಿ. ಬಸ್ ನಿಲ್ದಾಣದವರೆಗೆ ಒಬ್ಬರ ಜೊತೆ ನಡೆಯಿರಿ. ಯಾರಾದರೂ ದೂರು ಹೇಳಿದರೆ ಆ ಕ್ಷಣಕ್ಕೆ ಪರಿಹಾರ ಕೊಡುವ ಚಪಲ ಬೇಡ, ‘ಆಮೇಲೆ?’ ಎಂದಷ್ಟೇ ಕೇಳಿ. ಮತ್ತು ಹೇಳಿದವರ ಹೆಸರು ಮೂರನೆಯವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ. ಎಕ್ಸ್‌ಚೇಂಜಿನಲ್ಲಿ ನಮ್ಮ ಕಿವಿಗೆ ಏನೆಲ್ಲ ಬೀಳುತ್ತಿತ್ತು! ಒಂದು ಮಾತು ಹೊರಬಿದ್ದಿದ್ದರೂ ಊರಿನಲ್ಲಿ ತಲೆಯೆತ್ತಿ ನಡೆಯಲಾಗುತ್ತಿರಲಿಲ್ಲ.

ಪ್ರಶ್ನೆ: ನನಗೆ ಒಂದು ಕಿವಿ ಮಂದ. ಸಂದರ್ಶನದಲ್ಲಿ ಮೊದಲೇ ಹೇಳಬೇಕೇ, ಮುಚ್ಚಿಡಬೇಕೇ? ಇದಕ್ಕೆ ಮೀಸಲಾತಿ ಇದೆಯೇ? ಫೋನಿನಲ್ಲಿ ವಿವರವಾಗಿ ಮಾತನಾಡಬಹುದೇ?
ಓದುಗ, ಶಿಕಾರಿಪುರ

ಕುಳಿತುಕೊಳ್ಳುವ ಮೊದಲೇ, ನಗುಮುಖದಿಂದ, ‘ನನಗೆ ಬಲಗಿವಿ ಸ್ವಲ್ಪ ಮಂದ, ಕುರ್ಚಿಯನ್ನು ಹೀಗೆ ತಿರುಗಿಸಿಕೊಳ್ಳಲೇ?’ ಎಂದು ಹೇಳಿ. ಮುಚ್ಚಿಟ್ಟರೆ ಪ್ರಶ್ನೆ ತಪ್ಪಿದಾಗ ಅಸಡ್ಡೆ ಎಂದುಕೊಳ್ಳುತ್ತಾರೆ. ಬೆಳಕು ಅವರ ಮುಖದ ಮೇಲೆ ಬೀಳುವ ಜಾಗ ಸಿಕ್ಕರೆ ತುಟಿಯ ಚಲನೆಯಿಂದಲೂ ಅರ್ಧ ತಿಳಿಯುತ್ತದೆ. ಇನ್ನು ಮೀಸಲಾತಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಶ್ರವಣದೋಷ, 70 ಮುಟ್ಟಿದರೆ ಕಿವುಡುತನ. ಒಂದೇ ಕಿವಿಯ ಮಂದತೆ ಆ ವ್ಯಾಖ್ಯೆಗೆ ಬರುವುದಿಲ್ಲ. ಆದರೂ ಇನ್ನೊಂದು ಕಿವಿಯನ್ನೂ ಪರೀಕ್ಷಿಸಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ.

ಅಲ್ಲಿಗೆ ನಾನೂ ಹೋಗಿದ್ದೆ. ಹೆಡ್‌ಸೆಟ್ ಹಾಕಿಕೊಳ್ಳುತ್ತಿದ್ದ ಎಡಗಿವಿಗೆ ಕಳೆದ ವರ್ಷ ಯಂತ್ರ ಬಂದಿದೆ. ವಯಸ್ಸಿನ ಕಾರಣ ಎಂದರು ಅಲ್ಲಿಯವರು, ನಾನು ಒಪ್ಪಿಲ್ಲ. ಆದ್ದರಿಂದ ಫೋನ್ ಬೇಡ, ಪತ್ರವನ್ನೇ ಬರೆಯಿರಿ. ಅಂಕಿಗಳಿದ್ದರೆ ಬಿಡಿ ಬಿಡಿಯಾಗಿ.